ಹನುಮಂತನಗರದ ತಾರಸಿಯಲ್ಲಿ ಮೂರು ಕಿಲೋವಾಟ್: ಬ್ಯಾಟರಿ ಸಹಿತ ಸೋಲಾರ್ ಬಗ್ಗೆ ಜೀವಶಾಸ್ತ್ರ ಕಲಿಸಿದವಳ ಅಭಿಪ್ರಾಯ

ಮೊದಲು ತೀರ್ಪು ಹೇಳಿಬಿಡುತ್ತೇನೆ. ಆರು ಫಲಕ, ಬೀದಿಯ ಕರೆಂಟಿನೊಡನೆಯೂ ಬ್ಯಾಟರಿಯೊಡನೆಯೂ ನಡೆಯುವ ಒಂದು ಹೈಬ್ರಿಡ್ ಇನ್ವರ್ಟರ್, ಐದು ಯೂನಿಟ್ ಹಿಡಿಯುವ ಒಂದು ಲಿಥಿಯಂ ಬ್ಯಾಟರಿ ಸೇರಿದ ಮೂರು ಕಿಲೋವಾಟ್ ಸೋಲಾರ್ ವ್ಯವಸ್ಥೆ ನಮ್ಮಂಥ ಮನೆಗೆ ಕೊಟ್ಟ ಹಣಕ್ಕೆ ತಕ್ಕದ್ದು. ವಸ್ತುವಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅದನ್ನು ಕೂರಿಸಿಕೊಟ್ಟ ಅಂಗಡಿಗೆ ಐದರಲ್ಲಿ ಎರಡು. ಅಂಗಡಿಯ ಹೆಸರು ಬರೆಯುವುದಿಲ್ಲ; ಯಾವ ಅಂಗಡಿಗೆ ಹೋದರೂ ಕೇಳಬೇಕಾದ ಪ್ರಶ್ನೆಗಳು ಒಂದೇ, ಅವುಗಳನ್ನು ಬರೆಯುತ್ತೇನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ನನ್ನ ಅಣ್ಣ ಶಕ್ತಿನಗರದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ, ಎಂಜಿನಿಯರ್ ಆಗಿದ್ದವನು. ಹಬ್ಬಕ್ಕೆ ಸೇರಿದಾಗಲೆಲ್ಲ ಅವನ ಬಾಯಲ್ಲಿ ಬಾಯ್ಲರ್, ನನ್ನ ಬಾಯಲ್ಲಿ ಜೀವಕೋಶದೊಳಗಿನ ಪುಟ್ಟ ಶಕ್ತಿಸ್ಥಾವರವಾದ ಮೈಟೋಕಾಂಡ್ರಿಯಾ. ಜೀವಕೋಶ ತನ್ನ ಶಕ್ತಿಯನ್ನು ಹೇಗೆ ಮಾಡಿಕೊಳ್ಳುತ್ತದೆ, ಬೆಂಗಳೂರು ಹೇಗೆ ಮಾಡಿಕೊಳ್ಳುತ್ತದೆ ಎಂದು ನಾವು ವರ್ಷಗಟ್ಟಲೆ ವಾದಿಸಿದ್ದೇವೆ. ಸೋಲಾರ್ ಕೊಳ್ಳಲು ಹೊರಟಾಗ ಆ ವಾದ ನೇರವಾಗಿ ಕೆಲಸಕ್ಕೆ ಬಂತು. ಬ್ಯಾಟರಿ ಎಷ್ಟು ದೊಡ್ಡದಿರಬೇಕು, ಯಾವ ಕೋಣೆಯ ತಂತಿ ಅದಕ್ಕೆ ಸೇರಬೇಕು, ನೀರಿನ ಮೋಟಾರನ್ನು ಎಷ್ಟು ಹೊತ್ತಿಗೆ ಹಾಕಬೇಕು ಎಂಬುದನ್ನೆಲ್ಲ ಮಾರಾಟಗಾರ ಕೊಟ್ಟ ಬಣ್ಣದ ಕಾಗದಕ್ಕಿಂತ ಚೆನ್ನಾಗಿ ಜೀವಕೋಶ ಹೇಳಿಕೊಟ್ಟಿತು.

ದೇಹ ತನ್ನ ಶಕ್ತಿಯನ್ನು ಒಂದು ಕಡೆ ತಯಾರಿಸಿ ಉಳಿದ ಕಡೆಗೆ ಹಂಚುವುದಿಲ್ಲ. ರಕ್ತ ಹೊತ್ತು ತಿರುಗುವುದು ಗ್ಲೂಕೋಸನ್ನು, ಕೊಬ್ಬನ್ನು, ಆಮ್ಲಜನಕವನ್ನು. ಅಂದರೆ ಉರುವಲನ್ನು ಮತ್ತು ಅದು ಉರಿಯಲು ಬೇಕಾದ ಗಾಳಿಯನ್ನು. ಆಮ್ಲಜನಕ ಹೊರುವ ಕೆಂಪು ರಕ್ತಕಣದಲ್ಲಿ ಮೈಟೋಕಾಂಡ್ರಿಯಾ ಇಲ್ಲವೇ ಇಲ್ಲ, ಹೊತ್ತ ಸರಕನ್ನು ಅದು ತಾನು ಮುಟ್ಟುವುದಿಲ್ಲ. ಬಳಕೆಗೆ ಸಿದ್ಧವಾದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವ ಎಟಿಪಿ ಎಂಬ ಅಣು ಯಾವ ಜೀವಕೋಶಕ್ಕೆ ಬೇಕೋ ಅದರೊಳಗೇ ಹುಟ್ಟಿ ಅಲ್ಲೇ ಖರ್ಚಾಗುತ್ತದೆ. ಕಾಲಿನ ಸ್ನಾಯು ಮಾಡಿದ ಎಟಿಪಿಯಿಂದ ಮಿದುಳು ನಡೆಯುವುದಿಲ್ಲ. ಬಿಡುವಿಲ್ಲದೆ ದುಡಿಯುವ ಹೃದಯದ ಸ್ನಾಯುಕೋಶದಲ್ಲಿ ಮೂರನೆಯ ಒಂದು ಭಾಗದಷ್ಟು ಜಾಗವನ್ನು ಮೈಟೋಕಾಂಡ್ರಿಯಾಗಳೇ ತುಂಬಿಕೊಂಡಿರುತ್ತವೆ. ಕೆಲಸ ಎಲ್ಲಿದೆಯೋ ಸ್ಥಾವರ ಅಲ್ಲಿ.

ಬೆಂಗಳೂರಿನದು ಇದಕ್ಕೆ ತದ್ವಿರುದ್ಧವಾದ ರೀತಿ. ಸಿಂಗರೇಣಿಯ ಕಲ್ಲಿದ್ದಲು ರೈಲಿನಲ್ಲಿ ಬಂದು ಉರಿಯುವುದು ಶಕ್ತಿನಗರದಲ್ಲಿ. ಬೂದಿ ಬೀಳುವುದು ಅಲ್ಲಿ, ಕೃಷ್ಣೆಯ ನೀರು ಆವಿಯಾಗುವುದು ಅಲ್ಲಿ. ಹನುಮಂತನಗರಕ್ಕೆ ಬಂದು ಮುಟ್ಟುವುದು ತಯಾರಾದ ವಿದ್ಯುತ್ ಮಾತ್ರ. ಈ ಅಭ್ಯಾಸ ಶುರುವಾದದ್ದು 1902ರಲ್ಲಿ, ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗ. ಗಣಿಗೆ ಮೊದಲು ಕೊಟ್ಟು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಅದೇ ವಿದ್ಯುತ್ತನ್ನು ತಂದರು. ಆಮೇಲೆ ಜೋಗ, ಶರಾವತಿಯ 1,035 ಮೆಗಾವಾಟ್, ಶಕ್ತಿನಗರದ 1,720, ಕೈಗಾದ 880, ಪಾವಗಡದ ಬಯಲಿನಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್. ಒಂದೊಂದೂ ನಮ್ಮಿಂದ ದೂರ. ಊರಿನ ಅಂಚಿನಲ್ಲಿ ಯಲಹಂಕದ 370 ಮೆಗಾವಾಟಿನ ಅನಿಲ ಸ್ಥಾವರ ಬಂದದ್ದು ತೀರ ಇತ್ತೀಚೆಗೆ.

"ಮನೆಮನೆಗೂ ಕಲ್ಲಿದ್ದಲು ಹಂಚಿ, ಪ್ರತಿ ಮನೆಯಲ್ಲೂ ಒಂದು ಬಾಯ್ಲರ್ ಇಟ್ಟರೆ ಹೊಗೆಯನ್ನು ಎಲ್ಲಿಗೆ ಕಳಿಸುತ್ತೀಯ?" ಎಂದು ಅಣ್ಣ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. ದೇಹದಲ್ಲಿ ಉರುವಲು ತಂದುಕೊಟ್ಟ ರಕ್ತವೇ ಹಿಂದಿರುಗುವಾಗ ಇಂಗಾಲದ ಡೈ ಆಕ್ಸೈಡನ್ನು ಹೊತ್ತು ಶ್ವಾಸಕೋಶಕ್ಕೆ ಮುಟ್ಟಿಸುತ್ತದೆ. ಊರಿಗೆ ಅಂಥ ಮರುದಾರಿ ಇಲ್ಲ. ಕರೆಂಟ್ ಹೋದ ಸಂಜೆ ಅಪಾರ್ಟ್‌ಮೆಂಟುಗಳ ಡೀಸೆಲ್ ಜನರೇಟರುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ಆ ಬೀದಿಯಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವನ ಎರಡನೆಯ ಕಾರಣ ಗಾತ್ರದ್ದು. ಉಗಿಯ ಟರ್ಬೈನ್ ದೊಡ್ಡದಿದ್ದಷ್ಟೂ ಅಷ್ಟೇ ಉರುವಲಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ. 210 ಮೆಗಾವಾಟಿನ ಘಟಕವೇ ಕಲ್ಲಿದ್ದಲಿನ ಶಾಖದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ವಿದ್ಯುತ್ತಾಗಿಸಿ ಉಳಿದದ್ದನ್ನು ಗಾಳಿಗೂ ನೀರಿಗೂ ಬಿಡುತ್ತದೆ. ಅದನ್ನು ಕುಗ್ಗಿಸಿ ಮನೆಯ ಅಳತೆಗೆ ತಂದರೆ ಏನೂ ಗಿಟ್ಟುವುದಿಲ್ಲ.

ಜೀವಕೋಶದ ಟರ್ಬೈನಿಗೆ ಈ ಗಾತ್ರದ ಕಟ್ಟು ಇಲ್ಲ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಾನು ಇಡೀ ವೃತ್ತಿಯಲ್ಲಿ ಕಲಿಸಿದ್ದರಲ್ಲಿ ನನಗೆ ಅತಿ ಪ್ರಿಯವಾದ ಪಾಠ ಇದು. ಮೈಟೋಕಾಂಡ್ರಿಯಾದ ಒಳಪೊರೆ ಆಹಾರದಿಂದ ಬಂದ ಎಲೆಕ್ಟ್ರಾನುಗಳ ಬಲದಿಂದ ಪ್ರೋಟಾನುಗಳನ್ನು ಒಂದು ಬದಿಗೆ ಎತ್ತಿ ಶೇಖರಿಸುತ್ತದೆ, ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸಿದ ಹಾಗೆ. ಅವು ಮರಳಿ ಇಳಿಯಲು ಇರುವ ದಾರಿಯಲ್ಲಿ ಒಂದು ತಿರುಗಣೆ ಕೂತಿದೆ, ಅದರ ಹೆಸರು ಎಟಿಪಿ ಸಿಂಥೇಸ್. ಪೀಟರ್ ಮಿಚೆಲ್ 1961ರಲ್ಲಿ ಹೀಗಿರಬೇಕೆಂದು ಬರೆದಾಗ ಬಹುಪಾಲು ಜೀವರಸಾಯನ ವಿಜ್ಞಾನಿಗಳು ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಆ ತಿರುಗಣೆ ಕೆಲಸ ಮಾಡುವ ಬಗೆಯನ್ನು ಬಿಡಿಸಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ 1997ರ ನೊಬೆಲ್ ಹಂಚಿಕೊಂಡರು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಅದರ ತುದಿಗೆ ಹೊಳೆಯುವ ಆಕ್ಟಿನ್ ಎಳೆಯೊಂದನ್ನು ಅಂಟಿಸಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಶಕ್ತಿನಗರದ ಟರ್ಬೈನ್ ನಿಮಿಷಕ್ಕೆ 3,000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಮೀಟರಿನ ಹತ್ತು ಕೋಟಿ ಪಾಲಿನಲ್ಲಿ ಒಂದರಷ್ಟು ಅಗಲದ ಎಟಿಪಿ ಸಿಂಥೇಸ್ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ತಿರುಗಬಲ್ಲದು, ಅದೂ ತನ್ನ ಪಾಲಿಗೆ ಬಂದ ಶಕ್ತಿಯನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಬಳಸಿಕೊಂಡು. ಪೊರೆಯ ಎರಡು ಬದಿಯ ನಡುವೆ ಇರುವುದು ಸುಮಾರು 150 ಮಿಲಿವೋಲ್ಟ್. ಕೇಳಲು ಅಲ್ಪ. ಆದರೆ ಪೊರೆಯ ದಪ್ಪಕ್ಕೆ ಭಾಗಿಸಿದರೆ ಮೀಟರಿಗೆ ಸುಮಾರು ಮೂರು ಕೋಟಿ ವೋಲ್ಟಿನ ಬಲ ಅದು. ಈ ಅಂಕಿಯನ್ನು ಹಲಗೆಯ ಮೇಲೆ ಬರೆದಾಗ ಕೊನೆಯ ಬೆಂಚಿನ ಹುಡುಗರೂ ತಲೆ ಎತ್ತುತ್ತಿದ್ದರು.

ಅಂದಹಾಗೆ, ತೂಕಕ್ಕೆ ತೂಕ ಹೋಲಿಸಿದರೆ ನಾವು ಸೂರ್ಯನಿಗಿಂತ ಪ್ರಖರರು. ಸೂರ್ಯ ಒಂದು ಕಿಲೋ ತೂಕಕ್ಕೆ ಹೊರಹಾಕುವುದು ವಾಟಿನ ಹತ್ತು ಸಾವಿರದಲ್ಲಿ ಎರಡು ಭಾಗ. ಸುಮ್ಮನೆ ಕೂತಿರುವ ಮನುಷ್ಯ ಒಂದು ವಾಟಿಗಿಂತ ಹೆಚ್ಚು.

ಈಗ ಸೋಲಾರ್ ಫಲಕಕ್ಕೆ ಬರುತ್ತೇನೆ. ಪಾವಗಡದ ಬಯಲಿನಲ್ಲಿರುವ ಫಲಕವೂ ನನ್ನ ತಾರಸಿಯ ಫಲಕವೂ ಬಿಸಿಲನ್ನು ವಿದ್ಯುತ್ತಾಗಿಸುವ ಪ್ರಮಾಣ ಹೆಚ್ಚೂಕಡಿಮೆ ಒಂದೇ, ಶೇಕಡಾ 20ರ ಆಸುಪಾಸು. ಆರು ಫಲಕವಿದ್ದರೂ ಆರು ಲಕ್ಷವಿದ್ದರೂ ಸಾಮರ್ಥ್ಯದ ಶೇಕಡಾವಾರು ಬದಲಾಗುವುದಿಲ್ಲ. ಉರುವಲು ತಾನಾಗಿಯೇ ಪ್ರತಿ ತಾರಸಿಗೂ ಬಂದು ಬೀಳುತ್ತದೆ, ಹೊಗೆ ಇಲ್ಲ, ಬೂದಿ ಇಲ್ಲ. ಅಣ್ಣನ ಎರಡು ಆಕ್ಷೇಪಗಳೂ ಇಲ್ಲಿ ನಿಲ್ಲುವುದಿಲ್ಲ. ಜೀವಕೋಶ ಮಾಡುತ್ತ ಬಂದಿರುವುದನ್ನು, ಅಂದರೆ ಬಳಸುವ ಜಾಗದಲ್ಲೇ ಶಕ್ತಿ ಮಾಡಿಕೊಳ್ಳುವುದನ್ನು, ಊರೊಂದು ಹೊಗೆಯಿಲ್ಲದೆ ಮಾಡಲು ಸಾಧ್ಯವಾಗಿರುವುದು ಈ ಫಲಕದಿಂದ. ನಾನು ಇದನ್ನು ಕೊಂಡದ್ದು ಈ ಕಾರಣಕ್ಕೆ. ಬಿಲ್ಲು ಇಳಿಯುವುದು ಸಂತೋಷವೇ, ಆದರೆ ಅದು ಎರಡನೆಯದು.

ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಆನ್‌ಗ್ರಿಡ್ ಮತ್ತು ಹೈಬ್ರಿಡ್ ನಡುವಿನ ಅಂತರ. ಅಗ್ಗದ್ದು ಆನ್‌ಗ್ರಿಡ್. ಅದಕ್ಕೆ ಬ್ಯಾಟರಿ ಇಲ್ಲ. ಹಗಲು ಹೆಚ್ಚಾದದ್ದನ್ನು ಬೀದಿಯ ತಂತಿಗೆ ಕೊಟ್ಟು ರಾತ್ರಿ ಅಲ್ಲಿಂದ ಪಡೆಯುತ್ತದೆ. ಆದರೆ ಬೀದಿಯಲ್ಲಿ ಕರೆಂಟ್ ಹೋದ ಕೂಡಲೇ ಆನ್‌ಗ್ರಿಡ್ ಇನ್ವರ್ಟರ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹರಿದ ವಿದ್ಯುತ್ ತಗುಲಬಾರದು ಎಂಬುದು ಇದರ ಉದ್ದೇಶ, ಇದು ಸರಿಯಾದ ನಿಯಮ. ಎದುರು ಮನೆಯ ಹಿರಿಯರಿಗೆ ಅವರಿಗೆ ಮಾರಿದವರು ಇದನ್ನು ಹೇಳಿರಲಿಲ್ಲ. ಏಪ್ರಿಲ್ ತಿಂಗಳ ಗಾಳಿಮಳೆಗೆ ನಮ್ಮ ಬೀದಿಯ ಮರದ ಕೊಂಬೆ ತಂತಿಯ ಮೇಲೆ ಬಿದ್ದು, ಮಾರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇದ್ದಾಗ ಅವರು ಗೇಟಿನ ಬಳಿ ಬಂದು, "ಮೇಡಂ, ಬಿಸಿಲು ಸುರಿಯುತ್ತಿದೆ, ನನ್ನ ಮನೆಯಲ್ಲಿ ಒಂದು ಫ್ಯಾನೂ ತಿರುಗುತ್ತಿಲ್ಲ" ಎಂದರು. ಅವರ ದನಿಯಲ್ಲಿದ್ದ ಬೇಸರ ನನಗೆ ಅರ್ಥವಾಯಿತು. ಎರಡು ಲಕ್ಷ ಕೊಟ್ಟವರಿಗೆ ಎರಡು ನಿಮಿಷದ ವಿವರಣೆ ಸಲ್ಲಬೇಕಿತ್ತು.

ಬ್ಯಾಟರಿ ಇಲ್ಲದ ಫಲಕ ಪಿಷ್ಟವನ್ನು ಕೂಡಿಡದ ಎಲೆಯಂತೆ. ಎಲೆಯ ಹಸಿರು ಕಣದೊಳಗೂ ಮೈಟೋಕಾಂಡ್ರಿಯಾದಲ್ಲಿರುವಂಥದೇ ತಿರುಗಣೆ ಬಿಸಿಲಿನ ಬಲದಿಂದ ಎಟಿಪಿ ಮಾಡುತ್ತದೆ. ಆದರೆ ಗಿಡ ಅಷ್ಟಕ್ಕೆ ನಿಲ್ಲದೆ ಸಕ್ಕರೆ ಕಟ್ಟಿ, ಪಿಷ್ಟ ಮಾಡಿ, ರಾತ್ರಿಗೆ ಇಡುತ್ತದೆ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡ ಈ ದಾಸ್ತಾನನ್ನು ರಾತ್ರಿಯ ಉದ್ದಕ್ಕೆ ಸಮನಾಗಿ ಹಂಚಿಕೊಂಡು ಖರ್ಚು ಮಾಡುತ್ತದೆ, ಬೆಳಗಾಗುವ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಪ್ರಯೋಗಶಾಲೆಯಲ್ಲಿ ದೀಪವನ್ನು ಬೇಗ ಆರಿಸಿ ರಾತ್ರಿಯನ್ನು ಉದ್ದ ಮಾಡಿದರೆ ಖರ್ಚಿನ ವೇಗವನ್ನು ಇಳಿಸಿ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ನನ್ನ ಬ್ಯಾಟರಿಯನ್ನು ನಾನು ಹಾಗೆಯೇ ಹೊಂದಿಸಿದ್ದೇನೆ. ಸಂಜೆ ಆರಕ್ಕೆ ತುಂಬಿರುತ್ತದೆ, ಬೆಳಿಗ್ಗೆ ಆರಕ್ಕೆ ಶೇಕಡಾ 20 ಉಳಿದಿರುತ್ತದೆ. ಆ 20ನ್ನು ಗಾಳಿಮಳೆಯ ದಿನಕ್ಕೆಂದು ಮುಟ್ಟುವುದಿಲ್ಲ. ಮುಂಗಾರಿನ ಮುಂಚೆ, ಸಂಜೆಯ ಗುಡುಗು ಶುರುವಾಗುವ ಏಪ್ರಿಲ್, ಮೇ ತಿಂಗಳಲ್ಲಿ, ಅದನ್ನು 40ಕ್ಕೆ ಏರಿಸುತ್ತೇನೆ. ಮೊಬೈಲಿನಲ್ಲೇ ಮಾಡಬಹುದು, ಕಷ್ಟವಿಲ್ಲ.

ಅಂಗಡಿಯವರು ಹತ್ತು ಯೂನಿಟ್ಟಿನ ಬ್ಯಾಟರಿಗೆ ಒತ್ತಾಯಿಸಿದರು. "ದೊಡ್ಡದಿದ್ದರೆ ನಿಶ್ಚಿಂತೆ, ಅಮ್ಮ" ಎಂಬುದು ಅವರ ಮಾತು. ಅಣ್ಣ ಕಾಗದದ ಮೇಲೆ ನಮ್ಮ ರಾತ್ರಿಯ ಬಳಕೆಯನ್ನು ಬರೆದ. ನಾಲ್ಕು ಫ್ಯಾನು, ಫ್ರಿಜ್, ದೀಪಗಳು, ಮಗನ ಲ್ಯಾಪ್‌ಟಾಪ್, ವೈಫೈ, ಎಲ್ಲ ಸೇರಿ ನಾಲ್ಕು ಯೂನಿಟ್ ದಾಟಲಿಲ್ಲ. ನಾನು ಅದರ ಪಕ್ಕದಲ್ಲಿ ದೇಹದ ಲೆಕ್ಕ ಬರೆದೆ. ದೇಹದಲ್ಲಿ ಒಂದು ಹೊತ್ತಿನಲ್ಲಿ ಇರುವ ಎಟಿಪಿ ಸುಮಾರು 50 ಗ್ರಾಂ. ಅದನ್ನೇ ತಿರುಗಿಸಿ ತಿರುಗಿಸಿ ಬಳಸಿ, ದಿನವೊಂದಕ್ಕೆ ನಮ್ಮ ತೂಕದಷ್ಟು ಎಟಿಪಿ ಮಾಡಿ ಮುಗಿಸುತ್ತೇವೆ. ಅದರ ಬೆನ್ನಿಗೆ ಸ್ನಾಯುವಿನಲ್ಲಿ ಕ್ರಿಯಾಟಿನ್ ಫಾಸ್ಫೇಟ್, ಓಟ ಶುರುವಾದ ಮೊದಲ ಹತ್ತು ಸೆಕೆಂಡಿಗೆ ಸಾಕು. ಅದರ ಹಿಂದೆ ಯಕೃತ್ತಿನಲ್ಲೂ ಸ್ನಾಯುವಿನಲ್ಲೂ ಸೇರಿ ಅರ್ಧ ಕಿಲೋ ಗ್ಲೈಕೋಜನ್, ಒಂದು ದಿನದ ಆಸುಪಾಸು. ಕೊನೆಯಲ್ಲಿ ಕೊಬ್ಬು, ವಾರಗಟ್ಟಲೆ. ಚುರುಕಾಗಿ ಕೊಡಬಲ್ಲದ್ದು ಸ್ವಲ್ಪವೇ ಇರುತ್ತದೆ, ದೀರ್ಘಕಾಲ ಇಡುವುದು ಬೇರೆ ಜಾಗದಲ್ಲಿ ಇರುತ್ತದೆ. ನಮ್ಮ ಮನೆಗೂ ದೀರ್ಘಕಾಲದ ದಾಸ್ತಾನು ಬೀದಿಯ ತಂತಿಯ ಆಚೆ ಇದೆ, ಶರಾವತಿಯ ನೀರಿನ ರೂಪದಲ್ಲಿ. ಅದನ್ನೆಲ್ಲ ನನ್ನ ಮೆಟ್ಟಿಲ ಕೆಳಗೆ ತಂದಿಟ್ಟುಕೊಳ್ಳಬೇಕಿಲ್ಲ. ಐದು ಯೂನಿಟ್ಟಿನದನ್ನೇ ಕೊಂಡೆವು, ಸಾಲುತ್ತಿದೆ.

ಇದೇ ಕಾಗದದಲ್ಲಿ ಬಂದ ಇನ್ನೊಂದು ಅಂಕಿ ನನ್ನನ್ನು ಈಗಲೂ ಬಿಟ್ಟಿಲ್ಲ. ಮನುಷ್ಯನೊಬ್ಬ ದಿನವಿಡೀ ಉಸಿರಾಡಿ, ನಡೆದು, ಯೋಚಿಸಿ, ಮೈಯನ್ನು 37 ಡಿಗ್ರಿಯಲ್ಲಿ ಬೆಚ್ಚಗಿಟ್ಟುಕೊಳ್ಳಲು ಬೇಕಾದ 2,000 ಕಿಲೋಕ್ಯಾಲೊರಿ ಎಂದರೆ ಬರೀ 2.3 ಯೂನಿಟ್. ಎರಡು ಕಿಲೋವಾಟಿನ ಗೀಸರ್ ಒಂದು ಗಂಟೆ ಹತ್ತು ನಿಮಿಷದಲ್ಲಿ ಅಷ್ಟನ್ನು ಮುಗಿಸುತ್ತದೆ. ಮನೆಯಲ್ಲಿ ಸೋಲಾರ್ ನೀರಿನ ಹೀಟರ್ ಇಲ್ಲದವರು ಫಲಕಕ್ಕೆ ಮೊದಲು ಅದನ್ನು ಹಾಕಿಸಿ. ನೀರು ಕಾಯಿಸಲು ವಿದ್ಯುತ್ ಬಳಸುವುದು ನನಗೆ ಸರಿಕಾಣುವುದಿಲ್ಲ.

ಹೈಬ್ರಿಡ್ ಇನ್ವರ್ಟರಿನಲ್ಲಿ ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಯುವ ತಂತಿಗಳು ಬೇರೆ, ನಡೆಯದವು ಬೇರೆ. ಇದನ್ನು ವೈರಿಂಗ್ ಮಾಡುವ ಮೊದಲೇ ಕೂತು ತೀರ್ಮಾನಿಸಬೇಕು. ಉಪವಾಸದಲ್ಲಿ ದೇಹ ಮಾಡುವುದೂ ಇದೇ ತೀರ್ಮಾನ. ಇನ್ಸುಲಿನ್ ಇಳಿದಾಗ ಸ್ನಾಯುಗಳು ಗ್ಲೂಕೋಸನ್ನು ಬಿಟ್ಟು ಕೊಬ್ಬಿಗೆ ತಿರುಗುತ್ತವೆ, ಯಕೃತ್ತು ಬಿಡುಗಡೆ ಮಾಡುವ ಗ್ಲೂಕೋಸ್ ಮಿದುಳಿಗೆ ಉಳಿಯುತ್ತದೆ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿ ಶೇಕಡಾ 20ರಷ್ಟು ಶಕ್ತಿ ಬಳಸುತ್ತದೆ, ಅದಕ್ಕೆ ತಪ್ಪಿಸುವ ಹಾಗಿಲ್ಲ. ನಮ್ಮ ಮನೆಯಲ್ಲಿ ಆ ಪಟ್ಟಿಗೆ ಸೇರಿದವು ಫ್ರಿಜ್, ದೀಪ, ಫ್ಯಾನು, ವೈಫೈ, ಅತ್ತೆಯವರ ಕೋಣೆಯ ಆಮ್ಲಜನಕದ ಯಂತ್ರ. ಹೊರಗುಳಿದವು ಗೀಸರ್, ಇಸ್ತ್ರಿಪೆಟ್ಟಿಗೆ, ಸಂಪಿನ ಮೋಟಾರ್. ಈ ವೈರಿಂಗ್ ಮಾಡಿದ ಹುಡುಗ ಬಹಳ ಅಚ್ಚುಕಟ್ಟು. ಪ್ರತಿ ಸ್ವಿಚ್ಚಿನ ಮೇಲೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ, ಅತ್ತೆಯವರನ್ನು ಕರೆದು ಅವರ ಕೈಯಿಂದಲೇ ಒಮ್ಮೆ ಹಾಕಿಸಿ ತೋರಿಸಿದ. ಅಂಗಡಿಗೆ ನಾನು ಕೊಟ್ಟ ಎರಡು ಅಂಕವೂ ಅವನವೇ.

ಮೋಟಾರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಎಚ್‌ಪಿ ಮೋಟಾರ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಮೂರು ಕಿಲೋವಾಟಿನ ಇನ್ವರ್ಟರ್ ಬರೀ ಬ್ಯಾಟರಿಯ ಮೇಲೆ ಇರುವಾಗ ಅದನ್ನು ತಾಳದೆ ನಿಂತುಬಿಡಬಹುದು. ಬೀದಿಯ ಕರೆಂಟ್ ಇದ್ದಾಗ, ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ಮೋಟಾರ್ ಹಾಕುತ್ತೇವೆ. ಮೊದಲ ಎಳೆತವನ್ನು ಬೀದಿ ಕೊಡುತ್ತದೆ, ಆಮೇಲಿನದನ್ನು ಬಿಸಿಲು. ವಾಷಿಂಗ್ ಮಷೀನೂ ಗ್ರೈಂಡರೂ ಈಗ ಅದೇ ಹೊತ್ತಿಗೆ. ಇಡ್ಲಿಗೆ ಮಧ್ಯಾಹ್ನ ರುಬ್ಬಿದರೆ ಹಿಟ್ಟು ಹುದುಗಲು ಸಮಯವೂ ಧಾರಾಳವಾಗಿ ಸಿಗುತ್ತದೆ.

ಇನ್ವರ್ಟರಿನ ಪರದೆಯ ಮೇಲೆ ಒಂದು ಮೂಲೆಯಲ್ಲಿ 49.97, 50.02 ಎಂದು ಬದಲಾಗುತ್ತಿರುವ ಅಂಕಿ ಇರುತ್ತದೆ. ಮಾರಾಟಗಾರರು ಅದರ ಬಗ್ಗೆ ಏನೂ ಹೇಳುವುದಿಲ್ಲ. ಅಣ್ಣ ಬಂದಾಗಲೆಲ್ಲ ಕಾಫಿಗೂ ಮುಂಚೆ ನೋಡುವುದು ಅದನ್ನೇ. ದೇಶದ ಎಲ್ಲ ಸ್ಥಾವರಗಳೂ ಒಂದೇ ಲಯದಲ್ಲಿ, ಸೆಕೆಂಡಿಗೆ 50 ಆವರ್ತನದಲ್ಲಿ, ತಿರುಗುತ್ತಿವೆ. ಬಳಕೆ ಹೆಚ್ಚಿದರೆ ಆ ಅಂಕಿ ಇಳಿಯುತ್ತದೆ, ಇಳಿದದ್ದನ್ನು ಕಂಡು ಸ್ಥಾವರದಲ್ಲಿ ವೇಗ ನಿಯಂತ್ರಿಸುವ ಗವರ್ನರ್ ಎಂಬ ಸಾಧನ ಉಗಿಯ ಕವಾಟವನ್ನು ತೆರೆಯುತ್ತದೆ. "ಉತ್ಪಾದನೆ ಮತ್ತು ಬಳಕೆ ಪ್ರತಿ ಸೆಕೆಂಡೂ ಸಮ ಇರಬೇಕು, ನಿನ್ನೆಯದನ್ನು ಇವತ್ತು ಕೊಡಲಾಗುವುದಿಲ್ಲ" ಎಂದು ಅವನು ಹೇಳುವಾಗ ನನಗೆ ಮೈಟೋಕಾಂಡ್ರಿಯಾದ ಪಾಠವೇ ಕೇಳಿಸುತ್ತದೆ. ಎಟಿಪಿ ಖರ್ಚಾದರೆ ಎಡಿಪಿ ಉಳಿಯುತ್ತದೆ. ಎಡಿಪಿ ಬಂದರೆ ಮಾತ್ರ ಆ ಪುಟ್ಟ ತಿರುಗಣೆ ತಿರುಗುತ್ತದೆ, ಬರದಿದ್ದರೆ ಪ್ರೋಟಾನುಗಳು ತುಂಬಿ ನಿಂತು ಉರಿಯುವ ಕೆಲಸವೇ ನಿಧಾನವಾಗುತ್ತದೆ. ಯಾರ ಅಪ್ಪಣೆಯೂ ಇಲ್ಲದೆ ಬಳಕೆಯೇ ಉತ್ಪಾದನೆಯನ್ನು ನಡೆಸುತ್ತದೆ.

ಒಂದು ದೊಡ್ಡ ವ್ಯತ್ಯಾಸವಿದೆ. ಒಂದು ಮೈಟೋಕಾಂಡ್ರಿಯಾ ಕೆಟ್ಟರೆ ಜೀವಕೋಶ ಅದನ್ನು ಒಡೆದು ಕರಗಿಸಿ ಮುಂದೆ ಸಾಗುತ್ತದೆ, ಉಳಿದ ನೂರಾರು ಕೆಲಸ ಮಾಡುತ್ತಿರುತ್ತವೆ. ವಿದ್ಯುತ್ ಜಾಲ ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡದ್ದು. 2012ರ ಜುಲೈ 30 ಮತ್ತು 31ರಂದು ಮೊದಲು ಉತ್ತರದ, ಮಾರನೆಯ ದಿನ ಉತ್ತರದ ಜೊತೆಗೆ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಕುಸಿದಾಗ ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾಯಿತು. ದಕ್ಷಿಣದ ಜಾಲ ಆಗ ಅವುಗಳೊಡನೆ ಒಂದೇ ಲಯಕ್ಕೆ ಸೇರಿರಲಿಲ್ಲ, ಹಾಗಾಗಿ ನಾವು ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ನಾವೂ ಸೇರಿದೆವು. ಸೇರಿದ್ದು ಒಳ್ಳೆಯದೇ, 2023ರಂತೆ ಮಳೆ ಕೈಕೊಟ್ಟು ಜಲಾಶಯಗಳು ಬತ್ತಿದ ವರ್ಷದಲ್ಲಿ ಹೊರಗಿನಿಂದ ತರಲು ದಾರಿ ಬೇಕು. ಅಣ್ಣನಿಗೆ ಜಾಲದ ಮೇಲೆ ಇರುವ ಗೌರವ ನನಗೂ ಇದೆ. ಆದರೂ ಊರಿನ ಸಾವಿರಾರು ತಾರಸಿಗಳಲ್ಲಿ ಒಂದಿಷ್ಟು ಉತ್ಪಾದನೆ, ಮೆಟ್ಟಿಲ ಕೆಳಗೆ ಒಂದಿಷ್ಟು ದಾಸ್ತಾನು ಇದ್ದರೆ, ಒಂದು ಕೊಂಬೆ ಬಿದ್ದಾಗ ಬೀದಿಗೆ ಬೀದಿಯೇ ನಿಲ್ಲುವುದಿಲ್ಲ. ಇದನ್ನು ಅವನೂ ಈಗ ಒಪ್ಪುತ್ತಾನೆ.

ಜೀವಕೋಶದಿಂದ ಕಲಿಯದ ಒಂದು ದೋಷ ನನ್ನ ಫಲಕಗಳಲ್ಲೂ ಇದೆ. ಆರೂ ಫಲಕಗಳು ಒಂದೇ ಸರಣಿಯಲ್ಲಿ ಜೋಡಣೆಯಾಗಿವೆ. ಪಕ್ಕದ ಮನೆಯ ತೆಂಗಿನ ಮರದ ನೆರಳು ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ ಮೂರರ ನಂತರ ಮೂಲೆಯ ಒಂದು ಫಲಕದ ಮೇಲೆ ಬಿದ್ದರೆ ಆ ಒಂದರ ನಷ್ಟಕ್ಕೆ ಮುಗಿಯದೆ ಇಡೀ ಸಾಲಿನ ಉತ್ಪಾದನೆ ಏರುಪೇರಾಗುತ್ತದೆ. ನೆರಳಿನ ಭಾಗವನ್ನು ಬಿಟ್ಟು ಕರೆಂಟಿಗೆ ಅಡ್ಡದಾರಿ ಕೊಡುವ, ಫಲಕದೊಳಗಿನ ಬೈಪಾಸ್ ಡಯೋಡುಗಳು ನಷ್ಟವನ್ನು ಸ್ವಲ್ಪ ತಡೆಯುತ್ತವೆ, ಪೂರ್ತಿ ಅಲ್ಲ. ಮರಗಳಿರುವ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಬಸವನಗುಡಿ, ಮಲ್ಲೇಶ್ವರ, ಜಯನಗರ ಎಲ್ಲೇ ಆಗಲಿ, ಪ್ರತಿ ಫಲಕಕ್ಕೂ ಬೇರೆ ಬೇರೆ ಮೈಕ್ರೋ ಇನ್ವರ್ಟರ್ ಹಾಕಿಸುವ ಬಗ್ಗೆ ವಿಚಾರಿಸಿ. ಖರ್ಚು ಹೆಚ್ಚು, ನೆರಳಿದ್ದರೆ ಸಾರ್ಥಕ. ಮರ ಕಡಿಸುವ ಸಲಹೆ ಕೊಟ್ಟ ಅಂಗಡಿಯಿಂದ ಎದ್ದು ಬನ್ನಿ. ನನಗೆ ಆ ಸಲಹೆ ಬಂದಿತ್ತು.

ಬೆಂಗಳೂರಿನ ಹವೆ ಫಲಕಕ್ಕೆ ಅನುಕೂಲ. ಬಿಸಿ ಏರಿದಂತೆ ಫಲಕದ ಉತ್ಪಾದನೆ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಕುಸಿಯುತ್ತದೆ, ಆದ್ದರಿಂದ ಅದೇ ಬೆಳಕಿಗೆ ರಾಯಚೂರಿಗಿಂತ ಇಲ್ಲಿ ಹೆಚ್ಚು ಸಿಗುತ್ತದೆ. ಮೂರು ಕಿಲೋವಾಟಿಗೆ ದಿನಕ್ಕೆ ಸರಾಸರಿ 12 ಯೂನಿಟ್ ಎಂದು ಎಣಿಸಬಹುದು. ಮಾರ್ಚಿನಲ್ಲಿ ಇನ್ನೂ ಹೆಚ್ಚು, ಆಷಾಢದ ದಟ್ಟ ಮೋಡದ ದಿನ ಅರ್ಧಕ್ಕೂ ಕಡಿಮೆ. ಧೂಳನ್ನು ತೊಳೆಯಲು ಕೊಳವೆಬಾವಿಯ ಗಡಸು ನೀರು ಬೇಡ, ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಹಿಡಿದಿಟ್ಟ ಮಳೆನೀರು ಅಥವಾ ಕಾವೇರಿ ನೀರು, ಬಿಸಿಲೇರುವ ಮುಂಚೆ.

ಹಣದ ಮಾತು. ಬ್ಯಾಟರಿ ಸೇರಿ ಮೂರು ಲಕ್ಷ ದಾಟಿತು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಖಾತೆಗೆ ಬಂತು. ನಮ್ಮದು ಮಗನ ಸಂಸಾರವೂ ಸೇರಿದ ಮನೆ, ತಿಂಗಳಿಗೆ ಮುನ್ನೂರು ಯೂನಿಟ್ ಆಸುಪಾಸು, ಗೃಹಜ್ಯೋತಿಯ 200 ಯೂನಿಟ್ ಮಿತಿಗೆ ಸಿಗುವುದಿಲ್ಲ. ಆ ಮಿತಿಯೊಳಗೆ ಇದ್ದು ಉಚಿತ ವಿದ್ಯುತ್ ಪಡೆಯುತ್ತಿರುವವರಿಗೆ ಈ ಖರ್ಚು ಲೆಕ್ಕಕ್ಕೆ ಬರುವುದಿಲ್ಲ, ಅಂಥವರಿಗೆ ಇದನ್ನು ಮಾರಲು ಹೊರಟವರನ್ನು ನಾನು ನಂಬುವುದಿಲ್ಲ.

ಅಂಗಡಿಯ ಬಗ್ಗೆ. ಹಣ ಪೂರ್ತಿ ಮುಟ್ಟುವವರೆಗೆ ದಿನಕ್ಕೆರಡು ಕರೆ ಮಾಡುತ್ತಿದ್ದವರು ಆಮೇಲೆ ನಮ್ಮ ಕರೆಯನ್ನೇ ಎತ್ತಲಿಲ್ಲ. ಬೀದಿಯಿಂದ ಪಡೆದದ್ದನ್ನೂ ಬೀದಿಗೆ ಕೊಟ್ಟದ್ದನ್ನೂ ಅಳೆಯುವ ನೆಟ್ ಮೀಟರಿನ ಅರ್ಜಿಯಲ್ಲಿ ಇನ್ವರ್ಟರಿನ ಸಂಖ್ಯೆಯನ್ನು ಅವರು ತಪ್ಪಾಗಿ ಬರೆದಿದ್ದರು. ಅದನ್ನು ಸರಿಪಡಿಸಿಕೊಡಲು ಮಗ ಅಂಗಡಿಗೆ ಹೋಗಿ ಕೂರಬೇಕಾಯಿತು. ಅಷ್ಟು ದಿನ ನಮ್ಮ ಹೆಚ್ಚುವರಿ ವಿದ್ಯುತ್ ಯಾರ ಲೆಕ್ಕಕ್ಕೂ ಸೇರಲಿಲ್ಲ. ಭೂಸಂಪರ್ಕದ ಗುಂಡಿಗಳನ್ನು ಮೂರರ ಬದಲು ಎರಡು ತೋಡಿ ಮುಗಿಸಲು ನೋಡಿದಾಗ ಅಣ್ಣ ಸ್ಥಳದಲ್ಲಿದ್ದದ್ದು ಒಳ್ಳೆಯದಾಯಿತು. ಫಲಕದ ಚೌಕಟ್ಟಿಗೆ, ಇನ್ವರ್ಟರಿಗೆ, ಸಿಡಿಲುತಡೆಗೆ ಬೇರೆ ಬೇರೆ ಗುಂಡಿ ಬೇಕೆಂದು ಅವನು ನಿಂತು ಮಾಡಿಸಿದ. ಮನೆಯಲ್ಲಿ ಎಂಜಿನಿಯರ್ ಅಣ್ಣ ಇಲ್ಲದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಖಾತರಿ ಪತ್ರಗಳನ್ನು ಮೂರು ಪ್ರತ್ಯೇಕ ಕಾಗದಗಳಲ್ಲಿ ಕೇಳಿ ಪಡೆಯಿರಿ. ಫಲಕಕ್ಕೆ ಸಾಮಾನ್ಯವಾಗಿ 25 ವರ್ಷದ ಉತ್ಪಾದನೆಯ ಖಾತರಿ ಇರುತ್ತದೆ, ಇನ್ವರ್ಟರಿಗೂ ಬ್ಯಾಟರಿಗೂ ಅದಕ್ಕಿಂತ ಬಹಳ ಕಡಿಮೆ. ಮೂರೂ ತಯಾರಕರ ಮುದ್ರೆಯಲ್ಲಿ ಇರಬೇಕು. ಅಂಗಡಿಯ ಲೆಟರ್‌ಹೆಡ್ಡಿನ ಮಾತು ಅಂಗಡಿ ಇರುವವರೆಗೆ ಮಾತ್ರ. ಕ್ರಮಸಂಖ್ಯೆಗಳ ಫೋಟೊ ನೀವೇ ತೆಗೆದಿಟ್ಟುಕೊಳ್ಳಿ. ಕೊನೆಯ ಕಂತನ್ನು ನೆಟ್ ಮೀಟರ್ ಕೂತು, ಮೊದಲ ಬಿಲ್ಲಿನಲ್ಲಿ ಹೊರಗೆ ಕೊಟ್ಟ ಯೂನಿಟ್ಟುಗಳು ನಮೂದಾದ ಮೇಲೆಯೇ ಕೊಡಿ.